ಏಳನೆಯ ನಂಬರಿನ ಹಾಜರಿ

ಇಲಾರಿಯೊ ಗಿರೆಟ್ಟಿಯ ತೊಂದರೆಗೆಲ್ಲ ಮೂಲ ಅವನ ನಂಬರು. ಅದು ನಲವತ್ತೊಂದು. ಒಪೆರಾದ ಗ್ಯಾಲರಿಗೆ ಹಂಚಲು ಇದ್ದ ಟಿಕೆಟ್ಟುಗಳು ನಲವತ್ತು.

ಇಟಲಿಯ ಪಾರ್ಮಾದಲ್ಲಿ ರಂಗಮಂದಿರದ ಮೇಲಂತಸ್ತಿನ ಅಗ್ಗದ ಗ್ಯಾಲರಿ ಟಿಕೆಟ್ಟಿಗೆ ಸಾಲು ನಿಲ್ಲುವುದಕ್ಕೆ ಒಂದು ಕ್ರಮವಿದೆ. ಮೊದಲು ಪಟ್ಟಿಯಲ್ಲಿ ಹೆಸರು ಬರೆಸಬೇಕು. ಟಿಕೆಟ್ ಕಿಟಕಿ ತೆರೆಯುವ ದಿನ ರಂಗಮಂದಿರದ ಮುಂದೆ ನಾಲ್ಕು ಸಲ ಹಾಜರಿ ಕೂಗುತ್ತಾರೆ: ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ, ಐದಕ್ಕೆ. ಒಂದು ಹಾಜರಿಯಲ್ಲಿ ಮೂರು ಸಲ ಕೂಗಿದರೂ ಉತ್ತರ ಕೊಡದವರ ಹೆಸರಿಗೆ ಗೀಟು. ಅವರ ಹಿಂದಿನವರೆಲ್ಲ ಒಂದು ಹೆಜ್ಜೆ ಮುಂದೆ. ಜ್ವರ, ಮದುವೆ, ಭೂಕಂಪ, ಯಾವುದಕ್ಕೂ ರಿಯಾಯಿತಿಯಿಲ್ಲ. ಪಟ್ಟಿ ಇದ್ದದ್ದು ಒಂದನೆಯ ನಂಬರಿನ ಆರ್ಜಿಯಾ ಟೀಚರ್ ಕೈಯಲ್ಲಿ. ಮೂವತ್ತೆಂಟು ವರ್ಷ ಗಣಿತ ಕಲಿಸಿ ನಿವೃತ್ತರಾದ ಅವರು ತಮ್ಮ ಸ್ವಂತ ಮಗಳನ್ನೇ ಎರಡು ಸಲ ಫೇಲು ಮಾಡಿದವರು.

ಆದರೂ ನವೆಂಬರಿನ ಆ ಮಂಗಳವಾರ ಬೆಳಗ್ಗೆ ಇಲಾರಿಯೊಗೆ ಚಿಂತೆಯಿರಲಿಲ್ಲ. ಏಳನೆಯ ನಂಬರಿನ ನೆಸ್ತೊರೆ ದಲ್ಲಾಸ್ತ ಹಿಂದಿನ ಗುರುವಾರ ತೀರಿಕೊಂಡಿದ್ದರು. ಎಂಬತ್ತೊಂದು ವಯಸ್ಸು. ಶನಿವಾರ ಮಣ್ಣಾಗಿತ್ತು. ಪೆಟ್ಟಿಗೆ ಹೊತ್ತ ಆರು ಜನರಲ್ಲಿ ಇಲಾರಿಯೊ ಒಬ್ಬ. ಅವನ ಎಡಭುಜ ಇನ್ನೂ ನೋಯುತ್ತಿತ್ತು. ಒಂಬತ್ತರ ಹಾಜರಿಗೆ ಅವರ ಹೆಸರು ಹೊಡೆದುಹೋಗುತ್ತದೆ, ತಾನು ನಲವತ್ತನೆಯವನಾಗುತ್ತೇನೆ ಎಂಬುದು ಅವನ ಲೆಕ್ಕ.

ಹಾಡಲು ಬರುತ್ತಿದ್ದದ್ದು ಟೆನರ್, ಅಂದರೆ ಮೇಲುಸ್ಥಾಯಿಯ ಗಂಡುದನಿಯ ಗಾಯಕ, ಫುಲ್ವಿಯೊ ಸಾರ್ತಿರಾನ. ಇಪ್ಪತ್ತೆರಡು ವರ್ಷದ ಹಿಂದೆ ಇದೇ ರಂಗಮಂದಿರದಲ್ಲಿ ಅವನೊಂದು ಮೇಲಿನ ಸ್ವರ ಹಿಡಿದಾಗ ಗ್ಯಾಲರಿಯ ಅರ್ಧ ಜನ ಚಪ್ಪಾಳೆ ಹೊಡೆದರು, ಅರ್ಧ ಜನ ಸಿಳ್ಳೆ ಹಾಕಿದರು. ಅವನು ವೇಷದ ಪೇಟ ಕಿತ್ತೆಸೆದು ಹೋದವನು ಮತ್ತೆ ಪಾರ್ಮಾಕ್ಕೆ ಕಾಲಿಟ್ಟಿರಲಿಲ್ಲ. ಈಗ ನಿವೃತ್ತನಾಗುವ ಮುಂಚೆ ಒಂದೇ ಒಂದು ಪ್ರದರ್ಶನ. ಆ ಹಳೆಯ ಸಂಜೆಯಿಂದ ಊರಿನಲ್ಲಿ ಎರಡು ಪಂಗಡ. ಆ ಸ್ವರ ಎದೆಯಿಂದ ಬಂತೋ ಗಂಟಲಿನಿಂದ ಬಂತೋ ಎಂಬ ವಾದದಲ್ಲಿ ಮೂರು ಮದುವೆ ಮಾತುಕತೆಗಳು ಮುರಿದಿದ್ದವು.

ಇಲಾರಿಯೊ ಹತ್ತಿರ ಸಾರ್ತಿರಾನನ ಹನ್ನೊಂದು ರೆಕಾರ್ಡುಗಳಿದ್ದವು. ಆದರೆ ಆ ಒಂದು ಸಂಜೆ ಅವನು ಕೆಪ್ಪಟೆ ಬಾವು ಬಂದು ಮಲಗಿದ್ದ. ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಕೆಪ್ಪಟೆ. ಹಾಗಾಗಿ ಅವನು ಬಾಯಿ ತೆರೆದಾಗಲೆಲ್ಲ ಎರಡೂ ಪಂಗಡದವರು ಒಂದಾಗಿ ಕೇಳುತ್ತಿದ್ದರು: "ನೀನು ಎದುರಿಗೆ ಕೂತು ಕೇಳಿದ್ದೀಯಾ? ಇಲ್ಲ ತಾನೇ? ಸುಮ್ನಿರು." ಇಪ್ಪತ್ತೆರಡು ವರ್ಷ ಸುಮ್ಮನಿದ್ದ. ಅವನಿಗೆ ಬೇಕಾಗಿದ್ದದ್ದು ಆ ದನಿಯನ್ನು ಒಮ್ಮೆ ಎದುರಿಗೆ ಕೂತು ಕೇಳುವುದು, ಆಮೇಲೆ ಬಾಯಿ ಬಿಡುವ ಹಕ್ಕು.

ಒಂಬತ್ತು ಗಂಟೆಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಸಾಲಿನ ಹತ್ತನೆಯವರಿಗೆ ಒಂದನೆಯವರು ಕಾಣುತ್ತಿರಲಿಲ್ಲ. ಆರ್ಜಿಯಾ ಟೀಚರ್ ಆರು ಹೆಸರು ಓದಿ ಒಂದು ಕ್ಷಣ ತಡೆದರು. ನಿಯಮದ ಪ್ರಕಾರ ಕೂಗದೆ ಗೀಟು ಹಾಕುವಂತಿಲ್ಲ.

"ಏಳು. ದಲ್ಲಾಸ್ತ ನೆಸ್ತೊರೆ."

"ಹಾಜರ್!"

ಗಂಡಸರ ಟೋಪಿಗಳು ತಾವಾಗಿಯೇ ತಲೆಯಿಂದ ಇಳಿದವು. ಎಂಟನೆಯ ನಂಬರಿನ ದಿರ್ಚೆ ಎಂಬ ದರ್ಜಿ ಹೆಂಗಸು ಕೈಯಲ್ಲಿದ್ದ ಕಾಫಿ ಲೋಟ ಕೆಳಗೆ ಹಾಕಿದಳು. ಏಳನೆಯ ಜಾಗ ಖಾಲಿಯಿತ್ತು. ಅಲ್ಲಿ ಮಂಜು ಮಾತ್ರ ಸ್ವಲ್ಪ ಗಟ್ಟಿಯಾಗಿ, ಯಾರೋ ಕೋಟು ತೊಟ್ಟು ನಿಂತ ಹಾಗಿತ್ತು.

ಮೊದಲು ಮಾತಾಡಿದವನು ಹತ್ತೊಂಬತ್ತನೆಯ ನಂಬರಿನ ಬೇಕರಿ ಪ್ರಿಮೊ. ಗಂಟಲಿನ ಪಂಗಡಕ್ಕೆ ನೆಸ್ತೊರೆ ನಾಯಕರು, ಪ್ರಿಮೊ ಉಪನಾಯಕ.

"ಯಾವನೋ ತಮಾಷೆ ಮಾಡ್ತಾ ಇದ್ದಾನೆ. ಅದು ನೆಸ್ತೊರೆ ದನಿಯೇ ಅಲ್ಲ. ಅವರದ್ದು ಒಡಕು ದನಿ. ಇದು ತಲೆಯಿಂದ ಬಂತು."

"ತಲೆಯಿಂದನಾ? ನಿನ್ನ ಕಿವೀಲಿ ಮೈದಾ ತುಂಬಿದೆ," ಎಂದಳು ದಿರ್ಚೆ. ಅವಳು ಎದೆಯ ಪಂಗಡ. "ಶುದ್ಧ ಎದೆಯ ದನಿ. ಅವರದ್ದೇ. ಸತ್ತ ಮೇಲೆ ಉಸಿರಿನ ಹಿಡಿತ ಚೆನ್ನಾಗಾಗಿದೆ ಅಷ್ಟೆ."

ಹತ್ತು ನಿಮಿಷದಲ್ಲಿ ಭಯ ಹೋಗಿ ವಾದ ಹತ್ತಿಕೊಂಡಿತು. ಇಲಾರಿಯೊ ಮಾತ್ರ ವಾದಕ್ಕೆ ನಿಲ್ಲಲಿಲ್ಲ. ನೇರ ಪುರಸಭೆಗೆ ಓಡಿದ. ಎರಡು ಗಂಟೆ ಕಾದು ಮರಣ ಪ್ರಮಾಣಪತ್ರದ ಪ್ರತಿ ತಂದ. ಹನ್ನೆರಡಕ್ಕೆ ಆರು ನಿಮಿಷ ಇರುವಾಗ ಅದನ್ನು ಆರ್ಜಿಯಾ ಟೀಚರ್ ಮುಂದೆ ಹಿಡಿದ.

ಟೀಚರ್ ಕನ್ನಡಕ ಏರಿಸಿ ಮೊಹರಿನ ಸಮೇತ ಓದಿದರು. "ಸತ್ತಿದ್ದಾರೆ ಅಂತ ಬರೆದಿದೆ. ಬರಲ್ಲ ಅಂತ ಬರೆದಿಲ್ಲ."

"ಟೀಚರ್, ಸತ್ತವರು ಬರೋದು ಹೇಗೆ?"

"ಅದು ನನ್ನ ವಿಷಯ ಅಲ್ಲಪ್ಪ. ಕೂಗಿದಾಗ ಉತ್ತರ ಬಂದರೆ ಹೆಸರು ಇರುತ್ತೆ, ಬರದಿದ್ರೆ ಇರಲ್ಲ. ನಿಯಮ ಇರೋದು ಇಷ್ಟೇ." ಅವರು ಪಟ್ಟಿ ಬಿಚ್ಚಿದರು, ಹನ್ನೆರಡು ಹೊಡೆದಾಗ ಆರು ಹೆಸರು ಓದಿ ಮುಗಿಸಿದರು. "ಏಳು. ದಲ್ಲಾಸ್ತ ನೆಸ್ತೊರೆ."

"ಹಾಜರ್!"

ಈ ಸಲ ದನಿ ಬಂದದ್ದು ಇಲಾರಿಯೊನ ಎಡಕಿವಿಯ ಪಕ್ಕದಿಂದ. ಕೆನ್ನೆಗೆ ತಣ್ಣನೆಯ ಉಸಿರು ತಾಗಿತು. ಅದರಲ್ಲಿ ಅಗ್ಗದ ಚುಟ್ಟದ ವಾಸನೆ, ಅದರ ಹಿಂದೆ ಉಪ್ಪು ಹಾಕಿ ಒಣಗಿಸಿದ ಹಂದಿತೊಡೆಯ ವಾಸನೆ. ನೆಸ್ತೊರೆ ಐವತ್ತು ವರ್ಷ ಅಂಥ ತೊಡೆಗಳಿಗೆ ಕುದುರೆಮೂಳೆಯ ಸೂಜಿ ಚುಚ್ಚಿ, ಮೂಸಿ, ಒಳ್ಳೆಯದು ಕೆಟ್ಟದ್ದು ಹೇಳುತ್ತಿದ್ದವರು. ಗಾಯಕರನ್ನೂ ಅದೇ ರೀತಿ ಪರೀಕ್ಷಿಸುತ್ತಿದ್ದರು.

ಇಲಾರಿಯೊ ತನ್ನ ಜಾಗಕ್ಕೆ ಮರಳಿದಾಗ, ಸಾಲಿನ ಕೊನೆಗೆ ನಲವತ್ತೆರಡನೆಯವನಾಗಿ ನಿಂತಿದ್ದ ಮಿಲಾನಿನ ಹಲ್ಲಿನ ಡಾಕ್ಟರೊಬ್ಬ ಅವನ ಭುಜ ತಟ್ಟಿದ. "ಕ್ಷಮಿಸಿ, ಈ ಹಾಡೋರು ಮೈಕ್ ಇಟ್ಕೊಂಡು ಹಾಡ್ತಾರಾ?"

ಒಪೆರಾ ಹಾಡುವವರು ಮೈಕ್ ಮುಟ್ಟುವುದಿಲ್ಲ. ಆ ದಿನ ಆ ಸಾಲಿನಲ್ಲಿ ಎಲ್ಲರಿಗೂ ಸಂಕಟವಾದ ಕ್ಷಣ ಅದೊಂದೇ.

ಮೂರರ ಹಾಜರಿಗೆ ಪ್ರಿಮೊ ಒಂದು ಉಪಾಯ ಮಾಡಿದ. ತಮಾಷೆಗಾರನನ್ನು ಹಿಡಿಯಲು ಎಂಟು ಜನ ಕೈ ಕೈ ಹಿಡಿದು ಏಳನೆಯ ಜಾಗದ ಸುತ್ತ ನಿಂತರು. ಒಳಗೆ ಒಂದು ಬೆಕ್ಕೂ ನುಸುಳುವಂತಿರಲಿಲ್ಲ. ಟೀಚರ್ ಹೆಸರು ಕೂಗಿದರು. ನಡುವಿನ ಖಾಲಿಯಿಂದ, ಗಂಟೆ ಹೊಡೆದ ಹಾಗೆ, "ಹಾಜರ್!" ಬಂತು. ಪ್ರಿಮೊ ಸರಕ್ಕನೆ ಬಲಗೈ ಒಳಗೆ ಚಾಚಿ ಹಿಡಿಯಹೋದ. ಹಿಡಿದಂತೆ ಕಾಣಲಿಲ್ಲ, ಆದರೆ ಅವನ ಕೈ ಹಳೆಯ ಗೆಳೆಯನೊಬ್ಬ ಕುಲುಕಿದ ಹಾಗೆ ಮೂರು ಸಲ ಮೇಲೆ ಕೆಳಗೆ ಆಡಿತು.

ಪ್ರಿಮೊನ ಮುಖ ಅವನದೇ ಹಿಟ್ಟಿನ ಬಣ್ಣಕ್ಕೆ ಬಂತು. "ಒಲೆಯೊಳಗೆ ಬ್ರೆಡ್ ಇಟ್ಟು ಬಂದಿದ್ದೆ," ಎಂದು ಯಾರಿಗೋ ಹೇಳುತ್ತ, ಅಂಗೈಯನ್ನು ಕೋಟಿಗೆ ಉಜ್ಜಿಕೊಳ್ಳುತ್ತ ಮಂಜಿನೊಳಗೆ ಹೋದ.

ನಾಲ್ಕೂವರೆಗೆ ಬೀದಿದೀಪ ಹತ್ತಿದವು. ಮಂಜಿನಲ್ಲಿ ಅವು ಬೇಯಿಸಿದ ಮೊಟ್ಟೆಗಳಂತೆ ತೇಲುತ್ತಿದ್ದವು. ಇಲಾರಿಯೊಗೆ ಉಳಿದದ್ದು ಒಂದೇ ದಾರಿ. ಸತ್ತವರನ್ನು ಕೇಳಿಕೊಳ್ಳುವುದು. ಚುಟ್ಟದ ವಾಸನೆ ಹಿಡಿದು ಅವನು ರಂಗಮಂದಿರದ ಮೂಲೆ ಸುತ್ತಿ, ಕಲಾವಿದರು ಒಳಹೋಗುವ ಹಿಂಬಾಗಿಲ ಓಣಿಗೆ ಬಂದ. ಅಲ್ಲೊಂದು ಕಲ್ಲಿನ ಮೆಟ್ಟಿಲಿತ್ತು.

"ಕೂತ್ಕೋ ಇಲಾರಿಯೊ," ಎಂದಿತು ಮೆಟ್ಟಿಲ ಮೇಲಿನ ಮಂಜು. "ಕಲ್ಲು ತಣ್ಣಗಿದ್ದೀತು. ನಂಗೆ ಈಗ ಗೊತ್ತಾಗಲ್ಲ."

ಇಲಾರಿಯೊ ಮೆಟ್ಟಿಲ ತುದಿಯಲ್ಲಿ ಕೂತ. "ಯಜಮಾನ್ರೇ, ನಿಮ್ಮ ಕಾಲಿಗೆ ಬೀಳ್ತೀನಿ. ನೀವು ಅವನನ್ನ ಎದುರಿಗೆ ಕೇಳಿದ್ದೀರಿ. ನಂಗೆ ಇದೊಂದೇ ಸಲ. ಐದಕ್ಕೆ ನೀವು ಸುಮ್ನಿದ್ದುಬಿಡಿ."

"ಅವನನ್ನ ಕೇಳಿ ಏನು ಮಾಡ್ತೀಯ? ಗಂಟಲಲ್ಲಿ ಮೀನುಮುಳ್ಳು ಸಿಕ್ಕಿಸ್ಕೊಂಡ ಹಾಗೆ ಹಾಡ್ತಾನೆ." ಮಂಜು ಸ್ವಲ್ಪ ಹತ್ತಿರ ಸರಿಯಿತು. "ಇರ್ಲಿ. ನಿನಗೇನು ಅನ್ಸುತ್ತೆ ಹೇಳು."

ಇಪ್ಪತ್ತೆರಡು ವರ್ಷದಲ್ಲಿ ಅವನನ್ನು ಯಾರೂ ಹಾಗೆ ಕೇಳಿರಲಿಲ್ಲ. ಇಲಾರಿಯೊ ಕೊನೆಗೂ ಬಾಯಿ ಬಿಟ್ಟ.

"ಅದು ಗಂಟಲೂ ಅಲ್ಲ, ಎದೆಯೂ ಅಲ್ಲ ಯಜಮಾನ್ರೇ. ಹನ್ನೊಂದು ರೆಕಾರ್ಡಿನಲ್ಲೂ ಆ ಸ್ವರಕ್ಕೆ ಮೊದಲು ಒಂದು ಚಿಕ್ಕ ಉಸಿರು ಕೇಳುತ್ತೆ. ಬೇಕಾಗಿಲ್ಲದ ಉಸಿರು. ಅವನಿಗೆ ಹೆದರಿಕೆ. ಪ್ರತಿ ಸಲವೂ ಹೆದರ್ತಾನೆ. ಆ ಹೆದರಿಕೆಯಿಂದಲೇ ದನಿಗೆ ಆ ಹೊಳಪು."

"ಹೆದರಿಕೆಯಿಂದ ಹೊಳಪಾ! ಹೆದರಿದವನ ದನಿ ಹುಳಿಯಾಗುತ್ತೆ ಕಣೋ. ಮೂಸಿದ್ರೆ ಗೊತ್ತಾಗುತ್ತೆ."

"ನೀವು ಮೂಸಿದ್ರಿ, ನಾನು ಕೇಳಿದೆ!"

ಹಾಗೆ ಒಬ್ಬರಿಗೆ ಎದುರುತ್ತರ ಕೊಟ್ಟದ್ದು ಇಲಾರಿಯೊನ ಜೀವನದಲ್ಲೇ ಮೊದಲು. ಅವನ ಮೈ ಬೆಚ್ಚಗಾಯಿತು. ನೆಸ್ತೊರೆ ಒಂದು ಸ್ವರದ ಉದಾಹರಣೆ ಕೊಟ್ಟರು, ಅವನು ಎರಡು ಕೊಟ್ಟ. ಅವರು ಬೈದರು, ಅವನು ಮೆಟ್ಟಿಲಿಗೆ ಗುದ್ದಿದ. ಮೂಲೆಯಾಚೆ ಗಡಿಯಾರ ಐದು ಹೊಡೆದದ್ದು ಅವನಿಗೆ ಕೇಳಿಸಲಿಲ್ಲ. ಕೇಳಿಸಿದ್ದು ಟೀಚರ್ ದನಿ:

"ಏಳು. ದಲ್ಲಾಸ್ತ ನೆಸ್ತೊರೆ."

"ಹಾಜರ್!" ಎಂದಿತು ಮೂಲೆಯಾಚೆಯ ದನಿ. ಅದೇ ಹೊತ್ತಿಗೆ ಅದೇ ದನಿ ಇಲಾರಿಯೊನ ಪಕ್ಕದಲ್ಲಿ ಒಂದಕ್ಷರ ನಿಲ್ಲದೆ ಉಸಿರಿನ ಬಗ್ಗೆ ವಾದಿಸುತ್ತಿತ್ತು.

ಇಲಾರಿಯೊ ಮೂಲೆಯತ್ತ ನೋಡಿದ, ಪಕ್ಕದ ಮಂಜಿನತ್ತ ನೋಡಿದ. "ಯಜಮಾನ್ರೇ... ನೀವು ಇಲ್ಲಿದ್ದೀರಿ."

"ಅದಾ? ಅದು ಅಭ್ಯಾಸ. ಅದರ ಪಾಡಿಗೆ ಅದು ಹೇಳ್ಕೊಳ್ಳುತ್ತೆ, ನನ್ನ ಕೈಲಿಲ್ಲ. ನೀನು ಮುಂದಕ್ಕೆ ಹೇಳು."

ಮುಗಿಯಿತು. ಏಳು ಉಳಿದರೆ ನಲವತ್ತೊಂದಕ್ಕೆ ಜಾಗವಿಲ್ಲ. ಇನ್ನು ಸಾಲಿಗೆ ಹೋಗಿ ಮಾಡುವುದೇನೂ ಇರಲಿಲ್ಲ. ಇಲ್ಲಿ ವಾದವಾದರೂ ಇತ್ತು. ಅದನ್ನು ಅವನು ಗೆಲ್ಲುತ್ತಲೂ ಇದ್ದ. ಅವನು ಮುಂದಕ್ಕೆ ಹೇಳಿದ. ನಾಲ್ಕು ನಿಮಿಷ ಹೇಳಿದ. ಐದನೆಯ ನಿಮಿಷದಲ್ಲಿ ಮಂಜನ್ನು ಸೀಳಿಕೊಂಡು ಬಂತು:

"ನಲವತ್ತೊಂದು. ಗಿರೆಟ್ಟಿ ಇಲಾರಿಯೊ. ಮೂರನೆಯ ಸಲ ಕೂಗ್ತಾ ಇದ್ದೀನಿ!"

ಇಲಾರಿಯೊ ಛಂಗನೆ ಎದ್ದ. ಮೆಟ್ಟಿಲ ಮೇಲೆ ನಿಂತು, ವಾದದ ಬಿಸಿ ಇನ್ನೂ ಆರದ ಎದೆ ತುಂಬ ಗಾಳಿ ಎಳೆದು, "ಹಾಜರ್!" ಎಂದು ಕೂಗಿದ. ಓಣಿಯ ಕಿಟಕಿಗಳು ಅದುರಿದವು. ಆಮೇಲೆ ಓಡಿದ. ಮಂಜಿನಲ್ಲಿ ದಾರಿ ತಪ್ಪಿ ಬೇರೆ ಓಣಿ ಸುತ್ತಿ, ಒಂದು ಕಂಬಕ್ಕೆ ಹಣೆ ಹೊಡೆದುಕೊಂಡು, ಒಂದು ಸೈಕಲ್ ಬೀಳಿಸಿ, ಕಾಲು ಗಂಟೆಯ ಮೇಲೆ ಟಿಕೆಟ್ ಕಿಟಕಿಗೆ ಬಂದಾಗ, ಮಿಲಾನಿನ ಹಲ್ಲಿನ ಡಾಕ್ಟರು ಟಿಕೆಟ್ಟನ್ನು ಪರ್ಸಿಗೆ ಹಾಕಿಕೊಳ್ಳುತ್ತಿದ್ದ.

"ಪ್ರಿಮೊ ಬರಲಿಲ್ಲ," ಎಂದರು ಆರ್ಜಿಯಾ ಟೀಚರ್. "ಮೂರು ಗಂಟೆಯಿಂದ ಚರ್ಚಿನಲ್ಲಿ ಮೊಣಕಾಲೂರಿ ಕೂತಿದ್ದಾನಂತೆ. ಹತ್ತೊಂಬತ್ತಕ್ಕೆ ಗೀಟು ಹಾಕಿ ನಿನ್ನನ್ನ ಕೂಗಿದೆ."

"ನಾನು ಉತ್ತರ ಕೊಟ್ಟೆನಲ್ಲ ಟೀಚರ್! ಹಾಜರ್ ಅಂದೆನಲ್ಲ!"

"ಒಂದು ದನಿ ಬಂತು, ಸುಳ್ಳು ಹೇಳಲ್ಲ. ಆದರೆ ಅದು ನಿನ್ನದು ಹೌದೋ ಅಲ್ಲವೋ ಅಂತ ಚರ್ಚೆಯಾಯ್ತು."

"ಎಷ್ಟು ದೊಡ್ಡ ದನಿ ಅಂತೀಯ, ತುಂಬಿದ ಎದೆ!" ಎಂದಳು ದಿರ್ಚೆ, ಇನ್ನೂ ಆ ದನಿಯ ಗುಂಗಿನಲ್ಲೇ. "ನಿನ್ನದು ಆಗೋಕೆ ಸಾಧ್ಯವೇ ಇಲ್ಲ ಅಂತ ನಾನೇ ವಾದಿಸಿದ್ದು. ಇಪ್ಪತ್ತೆರಡು ವರ್ಷದಿಂದ ನೀನು ಗಟ್ಟಿಯಾಗಿ ಒಂದು ಮಾತಾಡಿದ್ದನ್ನ ಯಾರು ಕೇಳಿದ್ದಾರೆ?"

"ಇದು ಇನ್ನೊಬ್ಬ ಸತ್ತವನ ದನಿ ಅಂತ ತೀರ್ಮಾನ," ಎಂದು ಟೀಚರ್ ಪಟ್ಟಿ ಮಡಿಸಿದರು. "ಮೂವತ್ತೆಂಟು ಮತ. ಇಪ್ಪತ್ತಮೂರಕ್ಕೆ ಹದಿನೈದು. ಏಳನೆಯವರು ಮತ ಹಾಕಲಿಲ್ಲ."

ಸಾಲು ಕರಗಿತು. ಆ ಅಪರಿಚಿತ ದನಿ ಎದೆಯಿಂದ ಬಂತೋ ಹೊಟ್ಟೆಯಿಂದ ಬಂತೋ ಎಂದು ಜಗಳವಾಡುತ್ತ ಜನ ಕಾಫಿ ಅಂಗಡಿಯ ಕಡೆ ನಡೆದರು. ಇಲಾರಿಯೊ ಹಣೆಯ ಬುಗುಟು ಒತ್ತಿಕೊಂಡು ಮುಚ್ಚಿದ ಕಿಟಕಿಯ ಮುಂದೆ ನಿಂತ. ಎಡಕಿವಿಯ ಪಕ್ಕ ತಣ್ಣನೆಯ ಗಾಳಿ ಸುಳಿಯಿತು.

"ದನಿ ಪರವಾಗಿಲ್ಲ ಕಣೋ," ಎಂದರು ನೆಸ್ತೊರೆ. "ಆದರೆ ಸ್ವರ ಎತ್ಕೊಂಡಿದ್ದು ತಡ ಆಯ್ತು."