ಗಡುವಿಗೆ ಮೊದಲೇ ಕಟ್ಟಿದ ಬಿಲ್ಲು

ಟೇಲರ್ ಮುಜಫರ ತನ್ನ ಕ್ರೆಡಿಟ್ ಕಾರ್ಡಿನ ಬಿಲ್ಲನ್ನು ಗಡುವಿಗೆ ಮೂರು ದಿನ ಮೊದಲೇ ಕಟ್ಟಿದ್ದ. ಕಂಪನಿ ಮಾತ್ರ, ನಲವತ್ತು ದಿನ ತಡವಾಗಿ ಕಟ್ಟಿದನೆಂದು ಬ್ಯಾಂಕುಗಳೆಲ್ಲ ನೋಡುವ ಸಾಲದ ದಾಖಲೆಗೆ ವರದಿ ಕಳಿಸಿಬಿಟ್ಟಿತ್ತು. ಅದು ಅವನಿಗೆ ಗೊತ್ತಾದದ್ದು ಶಹಾಪುರದ ಬ್ಯಾಂಕಿನಲ್ಲಿ, ಹೆಂಡತಿಯ ಸ್ಕೂಟರಿಗೆಂದು ಸಾಲ ಕೇಳಲು ಹೋದ ದಿನ.

ಹೆಂಡತಿ ಅಂಬರೀನ ವಡಗೇರಾದ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಬಸ್ಸಿನಲ್ಲಿ ನಿಂತೇ ಹೋಗಿ ನಿಂತೇ ಬರುತ್ತಿದ್ದಳು. ಸಂಜೆ ಹೊಸ್ತಿಲಲ್ಲಿ ಕೂತು ಪಾದ ಒತ್ತಿಕೊಳ್ಳುವಾಗ ಒಂದು ಮಾತೂ ಆಡುತ್ತಿರಲಿಲ್ಲ. ಬೈದಿದ್ದರೆ ಮುಜಫರನಿಗೆ ಇಷ್ಟು ಚುಚ್ಚುತ್ತಿರಲಿಲ್ಲ.

ಸಾಲದ ಅಧಿಕಾರಿ ವಿಶ್ವರಾಧ್ಯ ಒಳ್ಳೆಯ ಮನುಷ್ಯ. ಕಂಪನಿ ತನ್ನ ತಪ್ಪು ಒಪ್ಪಿಕೊಂಡದ್ದನ್ನು ಇವತ್ತು ಸಂಜೆ ಐದರೊಳಗೆ ತೋರಿಸಿದರೆ ಫೈಲು ಉಳಿಯುತ್ತದೆ, ಇಲ್ಲವಾದರೆ ವಾಪಸು ಎಂದ. ಮುಜಫರ ಕನ್ನಡಕ ಮರೆತು ಬಂದದ್ದನ್ನು ಕಂಡು, ಕಂಪನಿಯ ನಂಬರನ್ನು ದಪ್ಪ ಅಕ್ಷರದಲ್ಲಿ ಬರೆದುಕೊಟ್ಟ.

ಅಂಗಡಿಗೆ ಬಂದು ಫೋನು ಹಚ್ಚಿದರೆ, ಒಂದು ಒತ್ತಿರಿ, ಎರಡು ಒತ್ತಿರಿ ಎನ್ನುತ್ತ ಆ ಯಂತ್ರದ ದನಿ ಅವನನ್ನು ಗಾಣದ ಎತ್ತಿನಂತೆ ಸುತ್ತಿಸಿತು. ಕೊನೆಗೊಬ್ಬ ಹುಡುಗಿ ಸಿಕ್ಕು, ಗುರುತಿಗಾಗಿ ತಾಯಿಯ ಹೆಸರು ಕೇಳಿದಳು. ಅಷ್ಟರಲ್ಲಿ ಅಂಗಡಿಯ ಮೆಟ್ಟಿಲ ಮೇಲೆ ಅರ್ಧ ಓಣಿ ಸೇರಿತ್ತು. ಅವನು ಬಾಯಿ ತೆರೆಯುವ ಮೊದಲೇ ನಾಲ್ಕು ಬಾಯಿಗಳು ಚಮನಬೀ ಎಂದವು. ಹುಡುಗಿ ಗಾಬರಿಯಾಗಿ, ಸುತ್ತ ಜನರಿದ್ದರೆ ಮಾತಾಡುವ ಹಾಗಿಲ್ಲವೆಂದು ಫೋನು ಇಟ್ಟುಬಿಟ್ಟಳು.

ಎರಡನೆಯ ಸಲ ಅವನು ಗಿರಾಕಿಗಳು ಬಟ್ಟೆ ತೊಟ್ಟು ನೋಡುವ ಪರದೆಯ ಹಿಂದೆ ನಿಂತು ಪಿಸುಗುಟ್ಟಿದ. ದೂರು ದಾಖಲಾಯಿತು. ಹಣ ಕಟ್ಟಿದ್ದಕ್ಕೆ ಬ್ಯಾಂಕಿನ ಮೊಹರು ಒತ್ತಿದ ಕಾಗದ ತಂದಿಟ್ಟುಕೊಂಡಿರಿ, ಮೂರರ ಮೇಲೆ ನಾವೇ ಫೋನ್ ಮಾಡುತ್ತೇವೆ ಎಂದರು. ಅಷ್ಟು ಕೇಳಿಸಿ ಫೋನು ಕಣ್ಣು ಮುಚ್ಚಿತು.

ಎದುರಿನ ಸೈಕಲ್ ಅಂಗಡಿಯ ಸಾಬಣ್ಣ ಕಾಕಾ ಫೋನನ್ನು ತನ್ನಲ್ಲಿ ಚಾರ್ಜಿಗೆ ಹಾಕಿಕೊಂಡು ಅವನನ್ನು ಬ್ಯಾಂಕಿಗೆ ಅಟ್ಟಿದ. ಚರಂಡಿ ನೀರಿನ ಜಗಳದಿಂದ ಹಿಡಿದು ಬೀಗರ ಮುನಿಸಿನವರೆಗೆ ಆ ಓಣಿಯ ಎಲ್ಲ ತಂಟೆಗಳನ್ನೂ ಬಗೆಹರಿಸುತ್ತಿದ್ದವನು ಅವನೇ. ಅವನದು ಒಂದೇ ದಾರಿ: ಇಬ್ಬರ ಮಾತನ್ನೂ ಕೇಳಿ ನಟ್ಟನಡುವೆ ಕತ್ತರಿಸುವುದು.

ಬ್ಯಾಂಕಿನ ಸಾಲಿನಲ್ಲಿ ಮುಂದಿದ್ದ ಒಬ್ಬ ಮುದುಕಿ ಅವನ ಮುಖ ನೋಡಿ ತನ್ನ ಜಾಗ ಬಿಟ್ಟುಕೊಟ್ಟಳು. ನಾಲ್ಕು ಗಂಟೆಗೆ ಮುಜಫರ ಕಾಗದ ಹಿಡಿದು ಓಡಿ ಬಂದಾಗ ಸಾಬಣ್ಣನ ಮುಖ ಹಬ್ಬದ ಮನೆಯಂತಿತ್ತು.

"ಕೂಡು ತಮ್ಮಾ, ಮುಗೀತು. ಕಂಪನಿಯವ್ರು ಫೋನ್ ಮಾಡಿದ್ರು. ನಾನೇ ಮುಜಫರ ಅಂದೆ. ತಾಯಿ ಹೆಸರು ಕೇಳಿದ್ರು. ಚಮನಬೀ, ಈದಿಗಿ ಆಕಿ ಮಾಡಿದ ಸುರಕುಂಬಾ ಪಾಯಸ ಇನ್ನಾ ನಾಲಿಗಿ ಮ್ಯಾಗ ಅದ ಅಂದೆ. ಫೋನಿಗಿ ಬಂದ ನಂಬರ್ ಓದಿ ಹೇಳಿದೆ. ತಡಾ ಆಗಿದ್ದಕ್ಕ ದಂಡ ಎರಡು ಸಾವಿರ ಅಂತ ಅವ್ರು, ಒಂದು ರೂಪಾಯಿನೂ ಇಲ್ಲ ಅಂತ ನೀನು. ಒಂದು ಸಾವಿರಕ್ಕ ರಾಜಿ ಮಾಡಿ ನಾನೇ ಕಟ್ಟೀನಿ. ವಾಪಸ್ ಕೊಡ್ತೀನಂತ ಬಾಯಿ ತೆಗಿಬ್ಯಾಡ."

ಫೋನಿನಲ್ಲಿ ಸಂದೇಶವೂ ಬಂದಿತ್ತು. ಖಾತೆ ರಾಜಿಯಲ್ಲಿ ಮುಗಿದಿದೆ, ವರದಿಯಲ್ಲಿ ಹಾಗೆಂದೇ ಬರೆಯಲಾಗಿದೆ.

ಬ್ಯಾಂಕಿನಲ್ಲಿ ಅದನ್ನು ಓದಿ, ನಡೆದದ್ದನ್ನು ಮುಜಫರನ ಬಾಯಿಂದ ಕೇಳಿದ ವಿಶ್ವರಾಧ್ಯ ಕನ್ನಡಕ ತೆಗೆದು ಒರೆಸಿದ.

"ತಡಾ ಅಂತಿದ್ದದ್ದು ಈ ಕಾಗದ ತೋರಿಸಿದ್ರ ಅಳಸಿ ಹೋಗ್ತಿತ್ರಿ. ರಾಜಿ ಅಂದ್ರ, ಪೂರಾ ಕಟ್ಟಲಾರದ ಮನಷ್ಯಾ ಅಂತ ಅರ್ಥ. ಇದು ವರ್ಷಗಟ್ಟಲೆ ಹೋಗಂಗಿಲ್ಲ." ಆಮೇಲೆ ದನಿ ತಗ್ಗಿಸಿದ. "ಒಂದು ದಾರಿ ಅದ. ನನ್ನ ಹೆಸರಿನ್ಯಾಗ ಬ್ಯಾರೆಯವ್ರು ಮಾತಾಡ್ಯಾರ ಅಂತ ಬರದು ಕೊಡ್ರಿ. ಆದ್ರ ಕೇಸು ಹಂಗ ಮಾತಾಡಿದವ್ರ ಮ್ಯಾಗ ಆಗ್ತದ."

ಅವನು ಬಿಳಿ ಹಾಳೆಯನ್ನೂ ಪೆನ್ನನ್ನೂ ಮುಂದೆ ಸರಿಸಿದ. ಮುಜಫರ ಪೆನ್ನಿಗೆ ಮುಚ್ಚಳ ಹಾಕಿ ಹಿಂದಕ್ಕೆ ಸರಿಸಿದ.

ಓಣಿಯಲ್ಲಿ ಸಾಬಣ್ಣ ಎರಡು ಚಹಾ ತರಿಸಿಕೊಂಡು, ಆರದಂತೆ ಮೇಲೆ ಬಸಿ ಮುಚ್ಚಿ ಕಾಯುತ್ತಿದ್ದ. ಸ್ಕೂಟರ್ ಯಾವಾಗ ಬರುತ್ತದೆಂದು ಕೇಳಿದ.

"ಬಣ್ಣ ಇನ್ನಾ ಪಕ್ಕಾ ಆಗಿಲ್ಲ ಕಾಕಾ," ಎಂದ ಮುಜಫರ, ಚಹಾದ ಮೇಲೆ ಕಣ್ಣಿಟ್ಟು.

ಸಾಬಣ್ಣ ಅವನ ಬೆನ್ನು ಸವರಿದ.

"ಅದಕ್ಕ ಗಂಡ ಹೆಂಡ್ತಿ ಜಗಳಾ ಮಾಡಕೋಬ್ಯಾಡ್ರಿ. ಅಂಬರೀನ ಬಸ್ ಇಳದು ಬರಲಿ, ಇಬ್ಬರಿಗೂ ಕೂಡಿಸಿ ರಾಜಿ ಮಾಡಸ್ತೀನಿ."