ಪೋರ್ತೊವಾರೊ ನಗರದ ಏಕೈಕ ನಿವಾಸಿ

ಒಂದು ಊರನ್ನು ಊರು ಎಂದು ಕರೆಯಬೇಕಾದರೆ ಅದರಲ್ಲಿ ಒಬ್ಬರಾದರೂ ವಾಸವಾಗಿರಬೇಕು ಎಂಬುದು ನಿಯಮ. ಇಟಲಿಯ ಕಡಲತೀರದ ಪುರಾತನ ನಗರ ಪೋರ್ತೊವಾರೊ ಈ ನಿಯಮವನ್ನು ಚಾಚೂ ತಪ್ಪದೆ ಪಾಲಿಸುತ್ತಿತ್ತು. ಅಲ್ಲಿ ಒಬ್ಬರು ವಾಸವಾಗಿದ್ದರು. ಆಕೆಯ ಹೆಸರು ಓರ್ಸೊಲಾ. ಮಿಕ್ಕ ಮನೆಗಳೆಲ್ಲ ಪ್ರವಾಸಿಗರ ಬಾಡಿಗೆ ಕೋಣೆಗಳಾಗಿದ್ದವು. ಮಿಕ್ಕ ಜನ ನೀರಿನಾಚೆ ದಡದ ಹೊಸ ಬಡಾವಣೆ ಸೇರಿ, ಬೆಳಗ್ಗೆ ಪ್ರವಾಸಿಗರಿಗೆ ಟಿಕೆಟ್ ಹರಿಯಲು ದೋಣಿಯಲ್ಲಿ ಬಂದು ಸಂಜೆ ಮರಳುತ್ತಿದ್ದರು.

ಚೆಕ್ ದೇಶದ ಬ್ರನೊ ಪಟ್ಟಣದ ರಾದ್ಕಾ ಅಲ್ಲಿಗೆ ಬಂದಾಗ ಮಳೆ ಹಿಡಿದಿತ್ತು. ಒಬ್ಬಳೇ ಹೊರಟ ಮೊದಲ ಪ್ರವಾಸ. ಕೋಣೆ ಸೇರಿದವಳೇ ಒದ್ದೆ ಕಾಲುಚೀಲಗಳನ್ನು ಹಿಂಡಿ, ಮಳೆ ನಿಂತ ಮೇಲೆ ಕಿಟಕಿಯಾಚೆಯ ಹಗ್ಗಕ್ಕೆ ಹಾಕಿದಳು. ಗಲ್ಲಿ ಎಷ್ಟು ಇಕ್ಕಟ್ಟೆಂದರೆ ಎದುರು ಕಿಟಕಿಯ ಅಜ್ಜಿಯ ಮೂಗಿನ ತುದಿ ಆ ಹಗ್ಗಕ್ಕೆ ತಾಗುವಂತಿತ್ತು.

"ಏನೇ ಹುಡುಗಿ, ಈರುಳ್ಳಿ ಇದೆಯೇನೇ?" ಎಂದಳು ಓರ್ಸೊಲಜ್ಜಿ.

"ಇಲ್ಲ ಅಜ್ಜಿ. ಅಂಗಡಿಗೆ ಹೋಗಿ ತಂದುಕೊಡ್ತೀನಿ."

"ತಂದ ಹಾಗೇ ಬಿಡು!" ಎಂದು ಅಜ್ಜಿ ಕೆಮ್ಮು ಬರುವಷ್ಟು ನಕ್ಕಳು.

ಮರುದಿನ ರಾದ್ಕಾ ಊರೆಲ್ಲ ಸುತ್ತಿದಳು. ಮುಖವಾಡ ಸಿಕ್ಕಿತು, ಗಾಜಿನ ಮೀನು ಸಿಕ್ಕಿತು, ಫ್ರಿಜ್ಜಿಗೆ ಅಂಟಿಸುವ ಪಿಂಗಾಣಿಯ ಈರುಳ್ಳಿಯೂ ಸಿಕ್ಕಿತು. ತಿನ್ನುವ ಈರುಳ್ಳಿ ಸಿಗಲಿಲ್ಲ. ಬರಿಗೈಲಿ ಗಲ್ಲಿಗೆ ಮರಳಿದರೆ ಅಲ್ಲಿ ಜನ ನೆರೆದಿದ್ದರು. ಬಾವುಟ ಹಿಡಿದ ಮಾರ್ಗದರ್ಶಿ ಅವಳ ಕಾಲುಚೀಲಗಳನ್ನು ತೋರಿಸುತ್ತ, "ದಯವಿಟ್ಟು ಸದ್ದು ಮಾಡಬೇಡಿ. ಇಲ್ಲಿ ಜೀವನ ನಡೆಯುತ್ತಿದೆ" ಎನ್ನುತ್ತಿದ್ದ. ಎಲ್ಲರೂ ಫೋಟೋ ಹೊಡೆದುಕೊಂಡರು. ಪಕ್ಕದಲ್ಲಿ ನಗರದ ಜೀವಂತಿಕೆ ಇಲಾಖೆಯ ಅಧಿಕಾರಿ ಗ್ವಾಲ್ತಿಯೆರೊ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದರು.

"ಈ ಕಾಲುಚೀಲ ನಿಮ್ದೇನಮ್ಮ?"

"ಹೌದು ಸಾರ್. ತಪ್ಪಾಯ್ತು, ಈಗಲೇ ತೆಗೀತೀನಿ."

"ತೆಗೆದ್ರೆ ದಂಡ! ಎಷ್ಟು ದಿನದಿಂದ ಇಲ್ಲಿದ್ದೀರಿ?"

"ನಿನ್ನೆಯಿಂದ."

"ಹಾಗಾದ್ರೆ ಹಳಬರೇ," ಎಂದರು ಗ್ವಾಲ್ತಿಯೆರೊ. "ಇಲ್ಲಿಗೆ ಬಂದೋರು ಯಾರೂ ಮೂರನೇ ದಿನ ನೋಡಿದ್ದಿಲ್ಲ."

ಅವರ ಸಂಕಟ ಇಷ್ಟೇ. ಓರ್ಸೊಲಜ್ಜಿಯ ಸೊಂಟದ ಕೀಲು ಸವೆದಿತ್ತು. ದೋಣಿ ಹತ್ತಿ ಆಚೆ ದಡದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಿತ್ತು. ಆದರೆ ಆಕೆ ದೋಣಿ ಹತ್ತಿದ ಕ್ಷಣವೇ ಊರು ಊರಾಗಿ ಉಳಿಯುತ್ತಿರಲಿಲ್ಲ. ಆದ್ದರಿಂದ ಆಕೆಯ ರಜೆ ಅರ್ಜಿಯನ್ನು ಇಲಾಖೆ ಕಳೆದ ಚಳಿಗಾಲದಿಂದಲೂ ಸಹಾನುಭೂತಿಯಿಂದ ಪರಿಶೀಲಿಸುತ್ತಲೇ ಇತ್ತು.

"ಅಜ್ಜಿ ವಾಪಸ್ ಬರೋವರೆಗೆ ನೀವು ಇದ್ದುಬಿಡಿ," ಎಂದರು ಗ್ವಾಲ್ತಿಯೆರೊ.

"ನಾನು ಊರು ನೋಡೋಕೆ ಬಂದವಳು ಸಾರ್!"

"ಊರಿಗೂ ನಿಮ್ಮನ್ನ ನೋಡ್ಬೇಕು ಅಂತ ಇರಲ್ವೇನಮ್ಮ?"

ರಾದ್ಕಾ ತಲೆಯೆತ್ತಿದಳು. ಮೇಲೆ ಅಜ್ಜಿ ಎರಡೂ ಕೈಯಲ್ಲಿ ಕಿಟಕಿಯ ಚೌಕಟ್ಟು ಹಿಡಿದು ನಿಂತಿದ್ದಳು. ಕೂತರೆ ಏಳಲಾಗುವುದಿಲ್ಲವೆಂದು ಆಕೆ ಕೂರುತ್ತಿರಲಿಲ್ಲ. ಅದನ್ನು ನೋಡಿ ರಾದ್ಕಾ ಹೂಂ ಅಂದುಬಿಟ್ಟಳು.

ಅಂದು ಸಂಜೆ ಅಜ್ಜಿ ಕೆಲಸ ಕಲಿಸಿಕೊಟ್ಟಳು. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಕಿಟಕಿಯಿಂದ ಬಾಗಿ ಪ್ರವಾಸಿಗರನ್ನು ಬೈಯಬೇಕು. ನಗಬಾರದು. ಬಟ್ಟೆ ಒಣಗಿದ್ದರೂ ನೆನೆಸಿ ಮತ್ತೆ ಹಾಕಬೇಕು. "ಬೈಗುಳ ಗಂಟಲಿಂದ ಬಂದ್ರೆ ಸಾಲ್ದು ಕಣೇ, ಹೊಟ್ಟೆಯಿಂದ ಬರ್ಬೇಕು. ಈ ಊರಲ್ಲಿ ನಾನು ಮದುವೆಯಾಗಿದ್ದೀನಿ, ಗಂಡನ್ನ ಮಣ್ಣು ಮಾಡಿದ್ದೀನಿ. ನನಗದು ತಾನಾಗೇ ಬರುತ್ತೆ. ನೀನು ಅಭ್ಯಾಸ ಮಾಡ್ಕೋ" ಎಂದಳು. ಮರುದಿನ ಆಕೆಯನ್ನು ಕುರ್ಚಿಸಮೇತ ಹೊತ್ತು ಕೆಳಗಿಳಿಸಿದರು. ದೋಣಿ ತಿರುಗುವವರೆಗೂ ಅಜ್ಜಿ ಕತ್ತು ಹೊರಳಿಸಿ ತನ್ನ ಕಿಟಕಿಯನ್ನೇ ನೋಡುತ್ತಿದ್ದಳು.

ರಾದ್ಕಾಳ ಮೊದಮೊದಲ ಬೈಗುಳಗಳು ತೀರಾ ಸಭ್ಯವಾಗಿವೆಯೆಂದು ಪ್ರವಾಸಿಗರಿಂದ ದೂರುಗಳು ಬಂದವು. ಆದರೆ ಕೋಣೆಯ ಬಾಗಿಲನ್ನು ಜನ ತಳ್ಳಿ ನೋಡತೊಡಗಿದರು. ಅವಳು ಊಟ ಮಾಡುವುದನ್ನು ಮೆಟ್ಟಿಲ ಮೇಲೆ ಸಾಲುಗಟ್ಟಿ ನಿಂತು ನೋಡಿದರು. ಆಮೇಲೆ ಅಭ್ಯಾಸದ ಅಗತ್ಯ ಬೀಳಲಿಲ್ಲ. ಕಾರ್ಯಕ್ಷಮತೆಯಲ್ಲಿ ಗಣನೀಯ ಪ್ರಗತಿಯಾಗಿದೆ ಎಂದು ಇಲಾಖೆ ಪ್ರಕಟಣೆ ಹೊರಡಿಸಿತು.

ಚಳಿ ಶುರುವಾಗುವ ಹೊತ್ತಿಗೆ ಓರ್ಸೊಲಜ್ಜಿ ಹೊಸ ಸೊಂಟದೊಂದಿಗೆ ತನ್ನ ಕಾಲ ಮೇಲೇ ನಡೆದು ಬಂದಳು. ಹೊರಡುವ ಖುಷಿಗೆ ರಾದ್ಕಾ ಚೀಲ ಕಟ್ಟಿಟ್ಟಿದ್ದಳು. ಆದರೆ ದೋಣಿಕಟ್ಟೆಯಲ್ಲೇ ಗ್ವಾಲ್ತಿಯೆರೊ ಅಜ್ಜಿಯನ್ನು ತಡೆದು ಕೈಮುಗಿದರು.

"ಮಂಜೂರಾಗಿರೋದು ಒಂದೇ ನಿವಾಸಿ ಹುದ್ದೆ ಅಜ್ಜಿ, ಅದು ಭರ್ತಿಯಾಗಿದೆ. ನಿಮ್ಮ ಮನೇನೂ ಈಗ ಬಾಡಿಗೆ ಕೋಣೆ. ಬೇಕಾದ್ರೆ ಟಿಕೆಟ್ ತಗೊಂಡು ನೋಡ್ಕೊಂಡು ಬನ್ನಿ. ಹಿರಿಯರಿಗೆ ರಿಯಾಯಿತಿ ಇದೆ."

ಅಜ್ಜಿ ಚೀಲದಿಂದ ಚಿಲ್ಲರೆ ಹುಡುಕಿ ಎಣಿಸಿದಳು. ಆಮೇಲೆ ಟಿಕೆಟ್ ಕೊಂಡಳು. ಬಾವುಟದ ಹಿಂದೆ ಎಲ್ಲರೊಂದಿಗೆ ನಡೆದು ಗಲ್ಲಿಗೆ ಬಂದು ತಲೆಯೆತ್ತಿದಳು. ಅಜ್ಜಿ ಮನೆಯೊಡತಿಯಾಗಿ ಬರುತ್ತಾಳೆಂದು ಕಾಯುತ್ತಿದ್ದ ರಾದ್ಕಾ, ಟಿಕೆಟ್ಟಿನವರ ಗುಂಪಿನಲ್ಲಿ ಯಾರಿದ್ದಾರೆಂದು ನೋಡಲಿಲ್ಲ. ನೋಡುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಬಾಗಿ ನಿಂತವಳೇ, ನಿಮ್ಮ ಮನೆ ಹಾಳಾಗ, ನಿಮಗೆ ಸ್ವಂತ ಊರಿಲ್ವಾ, ಎಂದು ಹೊಟ್ಟೆಯಿಂದ ಬೈದಳು. ಜನ ಚಪ್ಪಾಳೆ ತಟ್ಟಿದರು.

ಸಂಜೆ ಮರಳುವ ದೋಣಿ ಹತ್ತುವಾಗ, ನಗರದ ಬಗ್ಗೆ ತಮ್ಮ ಅನಿಸಿಕೆ ಏನು ಎಂದು ಗ್ವಾಲ್ತಿಯೆರೊ ವಾಡಿಕೆಯಂತೆ ಎಲ್ಲರನ್ನೂ ಕೇಳಿದರು.

"ಊರು ಚೆನ್ನಾಗಿದೆ," ಎಂದಳು ಓರ್ಸೊಲಜ್ಜಿ. "ಜನ ಸ್ವಲ್ಪ ಒರಟು."