ಪಾಳಿಯ ಮೇಲೆ ಟಿ.ವಿ.

ಬಂಗೂರನಗರದ ಕಾಗದ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದ ದ್ಯಾಮಪ್ಪ ಇಂಟರ್ನೆಟ್ ಬಿಲ್ಲು ನೋಡಿ ಯುದ್ಧವನ್ನೇ ಸಾರಿಬಿಟ್ಟ!

"ಟಿ.ವಿ. ನೋಡಾಕ ತಿಂಗಳಾ ಸಾವಿರ ರೂಪಾಯಿ? ಅರ್ಧಕ್ಕ ಇಳಸಲಿಲ್ಲಂದ್ರ ನಾ ದ್ಯಾಮಪ್ಪನ ಅಲ್ಲ!"

"ಹಂಗಾರ ಈಗ ಒಂದು ಹೊಸಾ ಹೆಸರು ಹುಡುಕಿ ಇಟಗೋರಿ," ಎಂದಳು ಹೆಂಡತಿ ಅನ್ನಪೂರ್ಣಾ, ಧಾರಾವಾಹಿಯಿಂದ ಕಣ್ಣು ಕೀಳದೆ.

ಗೋಡೆಯಾಚೆಯ ಮನೆ ಮೆಕ್ಯಾನಿಕ್ ಸುಭಾನಿಯದು. ದ್ಯಾಮಪ್ಪ ಅವನೊಡನೆ ಒಪ್ಪಂದ ಮಾಡಿಕೊಂಡ: ಎರಡೂ ಮನೆಗೆ ಒಂದೇ ಅಗ್ಗದ ಪ್ಲಾನು, ಬಿಲ್ಲು ಸಮಪಾಲು! ತೊಡಕೆಂದರೆ, ಅದರಲ್ಲಿ ಒಂದು ಸಲಕ್ಕೆ ಒಂದೇ ಟಿ.ವಿ. ನಡೆಯುತ್ತದೆ.

"ಕಾರ್ಖಾನಿ ಪಾಳಿ ಮ್ಯಾಲ ನಡೀತೈತಿ, ಟಿ.ವಿ. ನಡಿಯೂದಿಲ್ಲೇನು?" ಎಂದ ದ್ಯಾಮಪ್ಪ, ಸ್ಕೇಲು ಹಿಡಿದು ಪಾಳಿಪಟ್ಟಿ ಬರೆದು ಎರಡೂ ಬಾಗಿಲಿಗೆ ಅಂಟಿಸಿದ. ಸಂಜೆ ಆರರಿಂದ ಎಂಟು ಒಂದು ಮನೆಗೆ, ಎಂಟರಿಂದ ಹತ್ತು ಇನ್ನೊಂದಕ್ಕೆ. ಸೋಮವಾರಕ್ಕೊಮ್ಮೆ ಅದಲುಬದಲು.

ಎರಡನೆಯ ವಾರವೇ ಅನ್ನಪೂರ್ಣಾಳ ಧಾರಾವಾಹಿ ಸುಭಾನಿಯ ಪಾಳಿಗೆ ಬಿತ್ತು. ಹೆಪ್ಪಿಗೆ ಮೊಸರು ಕೇಳಲು ಹೋದವಳು ಎರಡು ತಾಸು ಬರಲಿಲ್ಲ. ಮರುವಾರ ಸುಭಾನಿಯ ಹೆಂಡತಿ ಅಮೀನಾಬಿ ಬಟ್ಟಲು ಹಿಡಿದು ಈಚೆ ಬಂದಳು. ಪಾಳಿ ಚೊಕ್ಕ ನಡೆದಿದೆಯೆಂದು ದ್ಯಾಮಪ್ಪ ಮೀಸೆ ತಿರುವಿದ.

ಬಂತು ಕ್ರಿಕೆಟ್ ಫೈನಲ್! ಎಂಟರ ಪಾಳಿ ತನ್ನದೇ ಎಂಬ ಧೈರ್ಯದಲ್ಲಿ ಅವನು ಕಾರ್ಖಾನೆಯ ಜೊತೆಗಾರ ಬಸಲಿಂಗಯ್ಯನನ್ನೂ ಇನ್ನೂ ನಾಲ್ವರನ್ನೂ ಕರೆದ. ಮಿರ್ಚಿ ಭಜಿ ತರಿಸಿದ. ಉಳಿತಾಯದ ಬಗ್ಗೆ ಅರ್ಧ ತಾಸು ಭಾಷಣ ಬಿಗಿದು ಟಿ.ವಿ. ಹಚ್ಚಿದ. 'ಇನ್ನೊಂದು ಟಿ.ವಿ.ಯಲ್ಲಿ ನಡೆಯುತ್ತಿದೆ' ಎಂಬ ಅಕ್ಷರಗಳು ಮೂಡಿದವು!

"ಮ್ಯಾಚ್ ತೋರಸ್ತೇನಿ ಅಂತ ಕರದು ಓದಾಕ ಹಚ್ಚಿದೆಲ್ಲೋ!" ಎಂದ ಬಸಲಿಂಗಯ್ಯ.

ಮಾನ ಹೋದಂತಾಗಿ ದ್ಯಾಮಪ್ಪ ಆಚೆ ಮನೆಗೆ ಓಡಿದ. ಸುಭಾನಿ ಪಾಪ, ತನ್ನದೇ ಮನೆಯ ಮೆಟ್ಟಿಲ ಮೇಲೆ ಕುಳಿತಿದ್ದ. ಒಳಗೆ ಓಣಿಯ ಹೆಂಗಸರೆಲ್ಲ ಧಾರಾವಾಹಿಯ ಮದುವೆಯಲ್ಲಿ ಮುಳುಗಿದ್ದರು.

"ಇದು ನಮ್ಮ ಪಾಳಿ!" ಗರ್ಜಿಸಿದ ದ್ಯಾಮಪ್ಪ.

"ಇಬ್ಬರು ಒಪ್ಪಿದರ ಪಾಳಿ ಬದಲಿ ಮಾಡಬಹುದು ಅಂತ ನಿಮ್ಮ ಕಾರ್ಖಾನ್ಯಾಗ ಐತೆಲ್ರಿ," ಎಂದಳು ಒಳಗಿನಿಂದ ಅನ್ನಪೂರ್ಣಾ. "ನಾನು, ಅಮೀನಾಬಿ ಒಪ್ಪೇವಿ."

"ಸಾಕವಾ! ನಾಳೆನ ನಮ್ಮ ಮನಿಗೆ ಬ್ಯಾರೆ ಪ್ಲಾನ್ ತಗೋತೇನಿ. ಸಾವಿರ ಆದರೂ ಚಿಂತಿಲ್ಲ!"

"ತಗೋರಿ. ನಾ ಮಾತ್ರ ಇಲ್ಲೇ ನೋಡ್ತೇನಿ. ಅಲ್ಲಿ ನಿಮ್ಮ ಮಾತಿನಾಗ ಒಂದು ಡೈಲಾಗೂ ಕೇಳಸೂದಿಲ್ಲ."

ದ್ಯಾಮಪ್ಪ ಮೆಟ್ಟಿಲ ಮೇಲೆ ಕುಳಿತ. ಸುಭಾನಿ ಸರಿದು ಜಾಗ ಕೊಟ್ಟ.

"ದ್ಯಾಮಣ್ಣಾ, ತಗೋರಿ ಆ ಪ್ಲಾನು. ಅರ್ಧಾ ರೊಕ್ಕ ನಾ ಕೊಡ್ತೇನಿ. ನನಗೂ ಕುಂದರಾಕ ಒಂದು ಮನಿ ಬೇಕಲ್ರಿ!"